ಮಳೆಗಾಲದಲ್ಲಿ ದೊಡ್ಡ ಕಡತ ಸಾಗಿಸುವುದು: ನೇರ ಡೌನ್‌ಲೋಡ್, ಟೊರೆಂಟ್, ಸಿಂಕ್‌ಥಿಂಗ್

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ನಮ್ಮೂರಿನಲ್ಲಿ ಜುಲೈ ತಿಂಗಳ ಕರೆಂಟು ಹೇಗಿರುತ್ತದೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಲು ಸುಮಾರು 6 ಜಿಬಿಯ ಕಡತವೊಂದನ್ನು ಇಳಿಸಿಕೊಳ್ಳಬೇಕಿತ್ತು. ಅದೇ ಹೊತ್ತಿಗೆ ನಮ್ಮ ಜಗಲಿಯಲ್ಲಿ ನಡೆದ ತಾಳಮದ್ದಳೆಗಳ ಧ್ವನಿಮುದ್ರಣವನ್ನು ಸಾಗರದ ಭಾವನಿಗೂ ಶಿವಮೊಗ್ಗದ ಚಿಕ್ಕಮ್ಮನ ಮನೆಗೂ ತಲುಪಿಸಬೇಕಿತ್ತು. ಈ ನೆಪದಲ್ಲಿ ಮೂರು ದಾರಿಗಳನ್ನು ಒಂದು ಮಳೆಗಾಲವಿಡೀ ಬಳಸಿ ನೋಡಿದೆ. ಪೆನ್‌ಡ್ರೈವನ್ನು ಲಕೋಟೆಯಲ್ಲಿಟ್ಟು ಬಸ್ಸಿನ ಕಂಡಕ್ಟರ ಕೈಗೆ ಕೊಡುವ ನಾಲ್ಕನೆಯ ದಾರಿಯೂ ಉಂಟು. ವೇಗದಲ್ಲಿ ಅದು ಮಿಕ್ಕ ಮೂರನ್ನೂ ಮೀರಿಸುವುದರಿಂದ ಹೋಲಿಕೆಗೆ ಸೇರಿಸಿಲ್ಲ.

ನೇರ ಡೌನ್‌ಲೋಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಸರ್ವರಿನಿಂದ ಕಡತ ಮೊದಲಿನಿಂದ ಕೊನೆಯವರೆಗೆ ಹರಿದು ಬರುತ್ತದೆ. ನಡುವೆ ಸಂಪರ್ಕ ಕಡಿದರೆ ಬ್ರೌಸರು ಕೆಲವೊಮ್ಮೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ, ಕೆಲವೊಮ್ಮೆ ಮೊದಲಿನಿಂದ ಶುರುಮಾಡುತ್ತದೆ. ನನಗೆ ಎರಡು ರಾತ್ರಿ ಎರಡನೆಯದೇ ಆಯಿತು.

ಬ್ರಾಮ್ ಕೊಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟಿನ ಕ್ರಮವೇ ಬೇರೆ. ಕಡತವನ್ನು ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿಗೂ ಹ್ಯಾಶ್ ಎಂಬ ಬೆರಳಚ್ಚಿನಂಥ ಗುರುತನ್ನು ಟೊರೆಂಟ್ ಎಂಬ ಪುಟ್ಟ ವಿವರದ ಕಡತದಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ತುಣುಕುಗಳು ಅದೇ ಕಡತವನ್ನು ಇಟ್ಟುಕೊಂಡಿರುವ ಅಥವಾ ಇಳಿಸಿಕೊಳ್ಳುತ್ತಿರುವ ಹಲವರ ಕಂಪ್ಯೂಟರುಗಳಿಂದ ಬರುತ್ತವೆ. ಯಾರಿಂದ ಬಂದರೂ, ಯಾವ ಅನುಕ್ರಮದಲ್ಲಿ ಬಂದರೂ, ಗುರುತು ತಾಳೆಯಾದ ತುಣುಕು ನಮ್ಮದಾಯಿತು, ತಾಳೆಯಾಗದ್ದನ್ನು ಎಸೆದು ಮತ್ತೆ ತರಿಸಿಕೊಂಡರಾಯಿತು. ಕೆಲವರ ಬಳಿ ಮಾತ್ರ ಇರುವ ಅಪರೂಪದ ತುಣುಕನ್ನು ಮೊದಲು ತರಿಸಿಕೊಳ್ಳುವುದು ಇದರ ವಾಡಿಕೆ. ಇಲ್ಲವಾದರೆ ಆ ಕೆಲವರು ಎದ್ದುಹೋದಾಗ ಎಲ್ಲರ ಕಡತವೂ ಅಪೂರ್ಣವಾಗಿಯೇ ಉಳಿಯುತ್ತಿತ್ತು. ನಮಗೆ ಕೊಟ್ಟವರಿಗೆ ನಾವೂ ಕೊಡುವ ಕ್ರಮವಂತೂ ಗದ್ದೆ ನಾಟಿಯ ಮುಯ್ಯಾಳಿನ ಲೆಕ್ಕವನ್ನೇ ಹೋಲುತ್ತದೆ. ನಾಲ್ಕು ದಿನಗಳಲ್ಲಿ ಕರೆಂಟು ಎಷ್ಟು ಬಾರಿ ಹೋಯಿತೋ ಎಣಿಸಲಿಲ್ಲ, ಆದರೆ ಮತ್ತೆ ಬಂದಾಗಲೆಲ್ಲ ಕೆಲಸ ನಿಂತಲ್ಲಿಂದಲೇ ಮುಂದೆ ಸಾಗಿತು. ಮೊಬೈಲ್ ಸಂಪರ್ಕದಲ್ಲಿ ಹಲವು ಗ್ರಾಹಕರಿಗೆ ಸೇರಿ ಅಂತರ್ಜಾಲದಲ್ಲಿ ಒಂದೇ ಹೊರವಿಳಾಸ (ಐಪಿ) ಇರುವುದರಿಂದ ಹೊರಗಿನವರು ನಮ್ಮನ್ನು ತಾವಾಗಿ ತಲುಪುವುದು ಕಷ್ಟವಾಗಿ, ನಾನು ಪಡೆದದ್ದು ಹೆಚ್ಚು, ಕೊಟ್ಟದ್ದು ತೀರ ಕಡಿಮೆ. ಪೂರ್ತಿ ಕಡತವಿರುವ ಸೀಡರುಗಳು ಧಾರಾಳವಾಗಿದ್ದುದರಿಂದ ಮುಯ್ಯಿ ತೀರಿಸದೆಯೂ ನಡೆದುಹೋಯಿತು.

ತಾಳಮದ್ದಳೆಗೂ ಇದನ್ನೇ ಬಳಸಬಹುದಲ್ಲ ಎಂದು ಭಾವ ಹೇಳಿದಾಗ ನಾನು ಹಿಂದೇಟು ಹಾಕಿದ್ದು ಹಕ್ಕುಸ್ವಾಮ್ಯದ ಕಾರಣಕ್ಕೆ. ಉಬುಂಟುವನ್ನು ಹಂಚಲು ಅದನ್ನು ಸಿದ್ಧಪಡಿಸಿದವರೇ ಟೊರೆಂಟ್ ಕೊಡುತ್ತಾರೆ. ತಂತ್ರವು ತಾನಾಗಿ ಅಪರಾಧವಲ್ಲ. ಆದರೆ ಟೊರೆಂಟಿನಲ್ಲಿ ಇಳಿಸಿಕೊಳ್ಳುವವನು ಅದೇ ಕ್ಷಣದಲ್ಲಿ ಹಂಚುವವನೂ ಆಗಿರುತ್ತಾನೆ, ಎಲ್ಲ ವಿವಾದಗಳ ಗಂಟೂ ಇಲ್ಲಿಯೇ ಇದೆ. ಬಳಕೆದಾರರು ಪರಸ್ಪರ ಹಾಡು ಹಂಚಿಕೊಳ್ಳುತ್ತಿದ್ದ 1999ರ ನ್ಯಾಪ್‌ಸ್ಟರ್ ಎಂಬ ಸೇವೆ ಹಾಡುಗಳ ಪಟ್ಟಿಯನ್ನು ತನ್ನ ಸರ್ವರಿನಲ್ಲೇ ಇಟ್ಟುಕೊಂಡಿದ್ದರಿಂದ 2001ರಲ್ಲಿ ನ್ಯಾಯಾಲಯದ ಆದೇಶದೆದುರು ಮುಚ್ಚಬೇಕಾಯಿತು. ಅಂಥ ಕೇಂದ್ರ ಪಟ್ಟಿಯಿಲ್ಲದ ಗ್ರಾಕ್‌ಸ್ಟರ್ ಎಂಬ ಹಂಚಿಕೆ ತಂತ್ರಾಂಶದ ಕಂಪನಿ ಕೂಡ 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತಿತು, ಏಕೆಂದರೆ ಉಲ್ಲಂಘನೆಗೆ ಪ್ರೇರೇಪಿಸಿದವರೂ ಹೊಣೆಗಾರರೇ ಎಂದು ನ್ಯಾಯಾಲಯ ಹೇಳಿತು. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯಿದೆಯ ಕಲಂ 63ರ ಪ್ರಕಾರ ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಉಂಟು; ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ಇದನ್ನು ತಗ್ಗಿಸಬಹುದು. ಸ್ವಂತ ಬಳಕೆಗೆ ಕಾಯಿದೆಯಲ್ಲಿ ಒಂದಿಷ್ಟು ವಿನಾಯಿತಿ ಇದೆಯಾದರೂ, ಊರೆಲ್ಲ ಹಂಚುತ್ತ ಕುಳಿತವನು ಸ್ವಂತ ಬಳಕೆಯ ಮಾತಾಡುವುದು ಕಷ್ಟ.

ನಮ್ಮ ಮುದ್ರಣದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಪ್ರಸಂಗದ ಪದ್ಯಗಳು ಎಷ್ಟೇ ಹಳೆಯವಾಗಿರಲಿ, ಅರ್ಥಧಾರಿಗಳು ಆಡುವ ಮಾತು ಆ ರಾತ್ರಿ ಅಲ್ಲಿಯೇ ಹುಟ್ಟಿದ್ದು, ಮತ್ತು ಕಲಂ 38 ಪ್ರದರ್ಶಕರಿಗೆ 50 ವರ್ಷಗಳ ಹಕ್ಕನ್ನು ಕೊಡುತ್ತದೆ. ಮನೆಮಂದಿ ಕೇಳಿಕೊಳ್ಳಲಿ ಎಂದಷ್ಟೇ ಅವರು ಒಪ್ಪಿದ್ದರು. ಹತ್ತು ಕಂಪ್ಯೂಟರಿಗೆ ಹಬ್ಬಿದ ಟೊರೆಂಟನ್ನು ಹಿಂದಕ್ಕೆ ಕರೆಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಆದ್ದರಿಂದ ಆ ಕೆಲಸಕ್ಕೆ ಸಿಂಕ್‌ಥಿಂಗ್ ಹಾಕಿದೆವು. ಇದೂ ತುಣುಕು ತುಣುಕಾಗಿ, ನಡುವೆ ಸಂಗ್ರಹ ಸರ್ವರಿಲ್ಲದೆ, ಯಂತ್ರದಿಂದ ಯಂತ್ರಕ್ಕೆ ಕಳುಹಿಸುವ ಮುಕ್ತ ತಂತ್ರಾಂಶವೇ. ಆದರೆ ನಾವು ಪರಸ್ಪರ ಗುರುತು ಕೊಟ್ಟು ಒಪ್ಪಿಕೊಂಡ ಯಂತ್ರಗಳಿಗೆ ಮಾತ್ರ, ಗೂಢಲಿಪಿಯಲ್ಲಿ. ನೇರ ಸಂಪರ್ಕ ಸಿಗದಾಗ ರಿಲೇ ಮೂಲಕ, ಅಂದರೆ ಏನನ್ನೂ ಸಂಗ್ರಹಿಸಿಡದೆ ದಾಟಿಸುವ ನಡುವಣ ಸರ್ವರಿನ ಮೂಲಕ ಹೋಗುತ್ತದೆ, ಆಗ ವೇಗ ಕುಸಿಯುತ್ತದೆ. ದೊಡ್ಡ ತೊಡಕು ಬೇರೆಯೇ: ಎರಡೂ ಕಡೆ ಏಕಕಾಲಕ್ಕೆ ಕರೆಂಟು, ನೆಟ್ಟು ಇರಬೇಕು. ಸಾಗರದಲ್ಲಿ ಇದ್ದಾಗ ನಮ್ಮಲ್ಲಿಲ್ಲ, ನಮ್ಮಲ್ಲಿ ಬಂದಾಗ ಭಾವ ಯಂತ್ರ ಮುಚ್ಚಿ ಮಲಗಿರುತ್ತಿದ್ದ. ಒಮ್ಮೆ ಜಾಗ ಸಾಲದೆಂದು ಅವನು ಅಳಿಸಿದ ಫೋಲ್ಡರು ನಮ್ಮಲ್ಲೂ ಅಳಿಯಿತು, ಏಕೆಂದರೆ ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ನಾನು ಆನ್ ಮಾಡಿರಲಿಲ್ಲ. ರೆಕಾರ್ಡರಿನ ಕಾರ್ಡಿನಲ್ಲಿ ಮೂಲವಿದ್ದುದರಿಂದ ಬಚಾವಾದೆವು.

ಈಗ ಚಿಕ್ಕಮ್ಮನ ಮನೆಯ ಇನ್ವರ್ಟರಿಗೆ ಒಂದು ಹಳೆಯ ಕಂಪ್ಯೂಟರನ್ನು ಜೋಡಿಸಿ ಸದಾ ಚಾಲೂ ಇಟ್ಟಿದ್ದೇವೆ. ನಾನು ಹಾಕಿದ್ದು ಮೊದಲು ಅಲ್ಲಿಗೆ ಸೇರುತ್ತದೆ, ಭಾವ ಎದ್ದಾಗ ಅಲ್ಲಿಂದ ಸಾಗರಕ್ಕೆ ಹೋಗುತ್ತದೆ. ಉಬುಂಟುವಿನ ಮುಂದಿನ ಆವೃತ್ತಿಗೆ ಟೊರೆಂಟೇ.