36 ಕಿಲೋ ತೂಕದ ನಾದ: ಮುಂಬೈಯಲ್ಲಿ ಆಂಪೆಗ್ ಎಸ್‌ವಿಟಿ ಇಟ್ಟುಕೊಳ್ಳುವುದು

ಆಂಪೆಗ್ ಕಂಪನಿಯ ಎಸ್‌ವಿಟಿ-ಸಿಎಲ್ ಎಂಬ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬೇಸ್ ಆಂಪ್ಲಿಫೈಯರ್ ಕೆಲವು ವರ್ಷಗಳಿಂದ ಮುಲುಂಡಿನ ನಮ್ಮ ಮನೆಯಲ್ಲಿದೆ. ಮಾಟುಂಗಾ, ಡೊಂಬಿವಲಿ, ವಾಶಿ ಕಡೆಯ ಕನ್ನಡ-ತುಳು ರಸಮಂಜರಿಗಳಲ್ಲಿಯೂ ಆಗೊಮ್ಮೆ ಈಗೊಮ್ಮೆ ಅಂಧೇರಿಯ ರಾಕ್ ತಂಡಗಳ ಜೊತೆಯಲ್ಲಿಯೂ ಬೇಸ್ ಗಿಟಾರ್ ನುಡಿಸುವ ನಾನು ಅದನ್ನು ನಗರದ ಉದ್ದಗಲಕ್ಕೂ ಸಾಗಿಸಿದ್ದೇನೆ. ಅದರ ನಾದದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಒಂದೇ 36 ಕಿಲೋ ತೂಗುವ, ಅದಕ್ಕೆ ಜೋಡಿಯೆಂದು ಹೆಸರಾದ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್ ಮತ್ತೆ 63 ಕಿಲೋ ದಾಟುವ ಈ ಯಂತ್ರವನ್ನು ಮುಂಬೈಯಂಥ ಊರಿನಲ್ಲಿ ಸ್ವಂತಕ್ಕೆ ಕೊಳ್ಳಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಎಸ್‌ವಿಟಿ ಮೊದಲು ಹೊರಬಂದದ್ದು 1969ರಲ್ಲಿ. ದೊಡ್ಡ ಮೈದಾನಗಳಲ್ಲಿ ಬೇಸ್ ಕೇಳಿಸಬೇಕೆಂದು 300 ವ್ಯಾಟ್ ಶಕ್ತಿಗೆ ಇದನ್ನು ರೂಪಿಸಿದರು. ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಬೇಸ್‌ಗೆ ಮಾತ್ರವಲ್ಲದೆ ಗಿಟಾರ್‌ಗಳಿಗೂ ಇದನ್ನೇ ಬಳಸಿತು. 2018ರಿಂದ ಆಂಪೆಗ್ ಯಮಹಾ ಸಂಸ್ಥೆಯ ಒಡೆತನದಲ್ಲಿದೆ.

ಇಷ್ಟೊಂದು ತೂಕ ಎಲ್ಲಿಂದ ಬರುತ್ತದೆ ಎಂದು ಕೇಳುವವರು ವಾಲ್ವ್‌ಗಳತ್ತ ಬೆರಳು ತೋರಿಸುತ್ತಾರೆ. ಆದರೆ ಗಾಜಿನ ಆ ಬುರುಡೆಗಳು ಹಗುರ. ಭಾರವೆಲ್ಲ ಟ್ರಾನ್ಸ್‌ಫಾರ್ಮರ್‌ಗಳ ಕಬ್ಬಿಣ ಮತ್ತು ತಾಮ್ರದ್ದು. ಹೆಡ್‌ನ ಕೊನೆಯ ಹಂತದಲ್ಲಿರುವ ಆರು 6550 ವಾಲ್ವ್‌ಗಳು ನೂರಾರು ವೋಲ್ಟ್‌ಗಳ ಎತ್ತರದಲ್ಲಿ ಅಲ್ಪ ವಿದ್ಯುತ್ ಪ್ರವಾಹದಿಂದ ಕೆಲಸ ಮಾಡುತ್ತವೆ, ಸ್ಪೀಕರ್ ಬೇಡುವುದು ಕಡಿಮೆ ವೋಲ್ಟೇಜ್ ಮತ್ತು ಹೆಚ್ಚಿನ ಪ್ರವಾಹ. ಇವೆರಡನ್ನೂ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಈ ಬಗೆಯ ಆಂಪ್ ನಡೆಯುವುದಿಲ್ಲ. ಆವರ್ತನ ತಗ್ಗಿದಷ್ಟೂ ಅದರ ಕಬ್ಬಿಣದ ತಿರುಳು ದೊಡ್ಡದಾಗಬೇಕು. ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಹಾಗಾಗಿ ಇಲ್ಲಿ ತೂಕವನ್ನು ಇಳಿಸಿ ನಾದವನ್ನು ಉಳಿಸಿಕೊಳ್ಳುವ ದಾರಿಯಿಲ್ಲ. ಟ್ರಾನ್ಸಿಸ್ಟರ್‌ಗಳಿಂದ ಶಕ್ತಿ ಕೊಡುವ, ಮೂರು ನಾಲ್ಕು ಕಿಲೋದ ಕ್ಲಾಸ್-ಡಿ ಆಂಪ್‌ಗಳು ಇದಕ್ಕಿಂತ ಹೆಚ್ಚು ವ್ಯಾಟ್ ಕೊಡುತ್ತವೆಯೆಂಬುದು ನಿಜ, ಆದರೆ ಅವುಗಳಲ್ಲಿ ಈ ಕಬ್ಬಿಣವೂ ಇಲ್ಲ, ಅದು ನಾದಕ್ಕೆ ಹಚ್ಚುವ ಬಣ್ಣವೂ ಇಲ್ಲ.

ಆ ಬಣ್ಣ ಎಂಥದ್ದೆಂದರೆ, ತಂತಿಯನ್ನು ಮೆಲ್ಲಗೆ ಮೀಟಿದಾಗ ಸ್ವರ ದುಂಡಗೆ, ತಿಳಿಯಾಗಿ ಬರುತ್ತದೆ. ಕೈ ಬಿರುಸಾದಂತೆ ಆಂಪ್ ಸ್ವರದ ತುದಿಯನ್ನು ಒರಟಾಗಿ ಕತ್ತರಿಸದೆ ಅದುಮಿ ಹಿಡಿದು, ಮೇಲಿನ ಸ್ವರಾಂಶಗಳನ್ನು ಸ್ವಲ್ಪ ಗೊಗ್ಗರಾಗಿ ಮುಂದಕ್ಕೆ ತಳ್ಳುತ್ತದೆ. ಡ್ರಮ್ಸ್, ಎರಡು ಕೀಬೋರ್ಡ್, ಢೋಲಕ್ ಎಲ್ಲ ಒಟ್ಟಿಗೆ ಮೊಳಗುವ ರಸಮಂಜರಿಯಲ್ಲಿ ಬೇಸ್ ಬರೀ ಗುಂಯ್‌ಗುಟ್ಟದೆ ಪ್ರತಿ ಸ್ವರವೂ ಬಿಡಿಯಾಗಿ ಕೇಳಿಸುವುದು ಈ ಗುಣದಿಂದಲೇ. ಎಂಟು ಹತ್ತಿಂಚಿನ ಸ್ಪೀಕರ್‌ಗಳ 810ಇ ಕ್ಯಾಬಿನೆಟ್ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ: ಗಾತ್ರ ನೋಡಿ ಅದು ಪಾತಾಳದ ಸ್ವರಗಳನ್ನು ಕೊಡುತ್ತದೆಂದು ಜನ ತಿಳಿಯುತ್ತಾರೆ. ಕಂಪನಿಯ ಲೆಕ್ಕದಲ್ಲೇ 58 ಹರ್ಟ್ಸ್‌ಗಿಂತ ಕೆಳಗೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ನಮಗೆ ತುಂಬಿದಂತೆ ಕೇಳಿಸುವುದು ಮೂಲ ಸ್ವರದ ಇಮ್ಮಡಿ, ಅಂದರೆ 82 ಹರ್ಟ್ಸ್ ಆಸುಪಾಸು. ಸಭಾಂಗಣದ ಕಲಸಿದಂಥ ಗುಂಯ್‌ಗಾಟದಿಂದ ಪಾರಾಗಲು ಇದೇ ಒಳ್ಳೆಯದು.

ಆದರೆ ಈ ಸೊಗಸೆಲ್ಲ ವಾಲ್ಯೂಮ್ ಗುಂಡಿ ಒಂದಷ್ಟು ಮೇಲೇರಿದ ಮೇಲಿನದು. ಗೋಡೆಗೆ ಗೋಡೆ ಅಂಟಿದ ಸೊಸೈಟಿಯ ಫ್ಲ್ಯಾಟಿನಲ್ಲಿ ಅಷ್ಟು ಏರಿಸುವ ಮಾತೇ ಇಲ್ಲ. ಬಯಲು ಕಾರ್ಯಕ್ರಮಗಳಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮವಿದೆ, ಸಂಘಟಕರು ಒಂಬತ್ತೂವರೆಗೇ ಗಡಿಯಾರ ತೋರಿಸತೊಡಗುತ್ತಾರೆ. ಮುಚ್ಚಿದ ಸಭಾಂಗಣಗಳಲ್ಲಿ ಸೌಂಡ್‌ನವರು ನಮ್ಮ ಸದ್ದನ್ನು ಹೆಡ್‌ನ ಲೈನ್-ಔಟ್ ಎಂಬ ಸಿಗ್ನಲ್ ಕಿಂಡಿಯಿಂದ ಮಿಕ್ಸರ್‌ಗೆ ಒಯ್ಯುತ್ತಾರೆ. ಆ ತಂತಿಯಲ್ಲಿ ಹೋಗುವುದು ಮುಂಭಾಗದ ಸಣ್ಣ ವಾಲ್ವ್‌ಗಳ ನಾದ ಮಾತ್ರ. ಆರು 6550ಗಳ ಮತ್ತು ಅಷ್ಟು ಭಾರದ ಕಬ್ಬಿಣದ ಕೊಡುಗೆ ವೇದಿಕೆಯ ಮೇಲಷ್ಟೇ ಉಳಿಯುತ್ತದೆ. ಕ್ಯಾಬಿನೆಟ್ ಮುಂದೆ ಒಂದು ಮೈಕ್ ಇಡಿಸಿಕೊಳ್ಳದಿದ್ದರೆ ಪ್ರೇಕ್ಷಕರ ಮಟ್ಟಿಗೆ ಹೊತ್ತದ್ದರಲ್ಲಿ ಮುಕ್ಕಾಲು ಪಾಲು ವ್ಯರ್ಥ.

ಸಾಗಾಟದ ವಿಷಯಕ್ಕೆ ಬಂದರೆ, 25 ಕಿಲೋದ ಅಕ್ಕಿ ಮೂಟೆಯನ್ನು ಹೆಗಲಿಗೇರಿಸಿದಂತೆ ಹೆಡ್ಡನ್ನು ಏರಿಸಲು ಬರುವುದಿಲ್ಲ. ಮೂಟೆ ಮೈಗೆ ಬಾಗುತ್ತದೆ. ಇದು ಎರಡಡಿ ಅಗಲದ ಪೆಟ್ಟಿಗೆ, ಅಂಚುಗಳು ಚೂಪು. ಇಬ್ಬರು ಹಿಡಿಯುವುದೇ ಸರಿ. ಫ್ಲೈಟ್ ಕೇಸ್ ಎಂಬ ಗಟ್ಟಿ ಹೊರಪೆಟ್ಟಿಗೆ ಹಾಕಿಸಿದರೆ ಒಳಗಿನದು ಸುರಕ್ಷಿತ, ಒಟ್ಟು ತೂಕ ಮಾತ್ರ 50 ಕಿಲೋ ಆಚೀಚೆ ಹೋಗುತ್ತದೆ. ಲೋಕಲ್ ರೈಲಿನ ಲಗೇಜ್ ಡಬ್ಬಿಯನ್ನು ಸೂಚಿಸುವ ಗೆಳೆಯರಿದ್ದಾರೆ. ಅರ್ಧ ನಿಮಿಷವೂ ನಿಲ್ಲದ ಗಾಡಿಗೆ, ಬುಟ್ಟಿ-ಮೂಟೆಗಳ ನಡುವೆ, ಗಾಜಿನ ವಾಲ್ವ್‌ಗಳಿರುವ ಪೆಟ್ಟಿಗೆಯನ್ನು ಹತ್ತಿಸುವ ಧೈರ್ಯ ನನಗಿಲ್ಲ. ಹೆಡ್ ಮಾತ್ರವಾದರೆ ಟ್ಯಾಕ್ಸಿಯ ಹಿಂದಿನ ಸೀಟು ಸಾಕು. ನಾಲ್ಕಡಿ ಎತ್ತರದ ಕ್ಯಾಬಿನೆಟ್ ಬಂತೆಂದರೆ ಛೋಟಾ ಹಾಥಿ ಎಂಬ ಸಣ್ಣ ಟೆಂಪೊವೇ ಆಗಬೇಕು, ಜೊತೆಗೆ ಒಬ್ಬ ಹಮಾಲ. ಕ್ಯಾಬಿನೆಟ್ಟಿಗೆ ಹಿಂದೆ ಚಕ್ರಗಳೂ ಮೇಲೆ ಉದ್ದನೆಯ ಹಿಡಿಕೆಯೂ ಇರುವುದರಿಂದ ಸಮನಾದ ನೆಲದಲ್ಲಿ ಒಬ್ಬನೇ ವಾಲಿಸಿ ಉರುಳಿಸಿಕೊಂಡು ಹೋಗಬಹುದು, ವಿನ್ಯಾಸದ ಈ ಅಂಶ ನಿಜಕ್ಕೂ ಮೆಚ್ಚುವಂಥದ್ದು. ಆದರೆ ನಮ್ಮ ಹಳೆಯ ಸಭಾಂಗಣಗಳಲ್ಲಿ ಸಮನಾದ ನೆಲ ಎಷ್ಟಿದೆ? ರಂಗದ ಹಿಂದಿನ ಕಿರಿದಾದ ಮೆಟ್ಟಿಲುಗಳ ತಿರುವಿನಲ್ಲಿ ಚಕ್ರ ಯಾವ ಉಪಯೋಗಕ್ಕೂ ಬರುವುದಿಲ್ಲ. ಟೆಂಪೊ ಬಾಡಿಗೆ, ಹಮಾಲಿ, ರಾತ್ರಿ ಹೊತ್ತು ಗೇಟು ತೆರೆಯುವ ವಾಚ್‌ಮನ್‌ನ ಚಹಾ ಕಾಸು ಎಲ್ಲ ಕಳೆದರೆ ಸಣ್ಣ ಕಾರ್ಯಕ್ರಮದ ಸಂಭಾವನೆಯಲ್ಲಿ ಉಳಿಯುವುದು ಹೇಳಿಕೊಳ್ಳುವಷ್ಟಿರುವುದಿಲ್ಲ.

ಕಾರ್ಯಕ್ರಮ ಮುಗಿದ ಕೂಡಲೇ ಎತ್ತಿಡುವ ಅವಸರವೂ ಸಲ್ಲದು. ಒಂದೊಂದು 6550ರ ತಂತುವನ್ನು ಕಾಯಿಸಲಿಕ್ಕೇ ಸುಮಾರು 10 ವ್ಯಾಟ್ ಬೇಕು, ಆರಕ್ಕೆ 60. ಕಾದ ವಾಲ್ವ್ ಕುಲುಕಾಟವನ್ನು ತಾಳುವುದಿಲ್ಲ. ಆರುವ ತನಕ ಕಾಯಬೇಕು, ಟೆಂಪೊದವನು ಕೆಳಗಿನಿಂದ ಹಾರ್ನ್ ಹೊಡೆದರೂ. ಹಚ್ಚುವಾಗ ಮೊದಲು ಸ್ಪೀಕರ್ ಕೇಬಲ್, ಆಮೇಲೆ ಕರೆಂಟು, ಒಂದು ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ (ವಾಲ್ವ್ ಕಾದ ಮೇಲೆ ಸದ್ದು ಬಿಡುವ ಸ್ವಿಚ್) ಎಂಬ ಕ್ರಮ ತಪ್ಪಬಾರದು. ಸ್ಪೀಕರ್ ಇಲ್ಲದೆ ನುಡಿಸಿದರೆ ಸುಟ್ಟುಹೋಗುವುದು ಅತಿ ದುಬಾರಿಯ ಆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ರೇ. ಮುಂಬೈಯ ಮಳೆಗಾಲದಲ್ಲಿ ವಾಲ್ವ್ ಸಾಕೆಟ್ಟುಗಳಿಗೆ ಕಿಲುಬು, ಹೊದಿಕೆಗೆ ಬೂಷ್ಟು, ಗುಂಡಿಗಳಲ್ಲಿ ಕರಕರ ಸದ್ದು. ಬಳಸದಿದ್ದರೂ ಆಗಾಗ ಹಚ್ಚಿ ಬೆಚ್ಚಗಾಗಿಸುವುದು ಒಳ್ಳೆಯದು. ಒಂದು ಕಾಲದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ರೇಡಿಯೊ ವಾಲ್ವ್‌ಗಳನ್ನು ದೇಶದಲ್ಲೇ ಮಾಡುತ್ತಿತ್ತು. ಈಗ ಆರು ಹೊಂದಾಣಿಕೆಯ 6550ಗಳು ಹೊರದೇಶದಿಂದಲೇ ಬರಬೇಕು, ಬೆಲೆಯೂ ಸುಂಕವೂ ಜೇಬು ಬಿಗಿಯುವಂಥವು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗಗಳು ಸಿಗುತ್ತವೆ, ವಾಲ್ವ್ ಬಲ್ಲ ರಿಪೇರಿಯವರು ಮಾತ್ರ ವಿರಳವಾಗುತ್ತಿದ್ದಾರೆ.

ನನ್ನ ಸಲಹೆ ಇಷ್ಟು: ಲಿಫ್ಟ್ ಇರುವ ಕಟ್ಟಡದಲ್ಲಿದ್ದು, ತಿಂಗಳಿಗೆ ಒಂದೆರಡಾದರೂ ದೊಡ್ಡ ವೇದಿಕೆ ಸಿಗುವವರು ಹೆಡ್ಡನ್ನು ಕೊಳ್ಳಲಿ, ಕ್ಯಾಬಿನೆಟ್ಟನ್ನು ಬಾಡಿಗೆಗೆ ತರಿಸಲಿ. ಮುಂಬೈಯಲ್ಲಿ ಸೌಂಡ್ ಬಾಡಿಗೆಯವರು ಅದನ್ನು ನೇರವಾಗಿ ವೇದಿಕೆಗೇ ತಂದಿಳಿಸುತ್ತಾರೆ. ಆದರೆ ಬರುವ ಕ್ಯಾಬಿನೆಟ್ ಎಷ್ಟು ಓಮ್‌ನದೆಂದು (ಅದರ ವಿದ್ಯುತ್ ತಡೆ ಎಷ್ಟೆಂದು) ಮುಂಚೆಯೇ ಕೇಳಿಕೊಳ್ಳಬೇಕು, ಏಕೆಂದರೆ ಈ ಹೆಡ್ 2 ಅಥವಾ 4 ಓಮ್‌ಗೆ ಮಾತ್ರ ಹೊಂದುತ್ತದೆ. 8 ಓಮ್‌ನವಾದರೆ ಎರಡನ್ನು ಸಮಾಂತರವಾಗಿ ಜೋಡಿಸಿ 4 ಮಾಡಿಕೊಳ್ಳಬೇಕು. ವಿದೇಶದಿಂದ ಯಾರೋ ತಂದ ಹಳೆಯ ಹೆಡ್ ಅಗ್ಗಕ್ಕೆ ಸಿಕ್ಕರೆ ಹಿಂಬದಿಯ ಪಟ್ಟಿ ಓದದೆ ಹಣ ಕೊಡಬೇಡಿ. 120 ವೋಲ್ಟ್ ಎಂದಿದ್ದರೆ ಇಲ್ಲಿನ 230ಕ್ಕೆ ಇಳಿಕೆಯ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಸಾವಿರ ವ್ಯಾಟ್‌ಗೆ ಕಡಿಮೆಯಿಲ್ಲದ್ದು. ಹೆಡ್ಡಿನೊಳಗಿನ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸ್‌ಗೆ ಮಾತ್ರ ಸುತ್ತಿದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ ಅದು ಹೆಚ್ಚು ಬಿಸಿಯಾಗುತ್ತದೆ, ಮತ್ತು ಹೊರಬೇಕಾದ ಕಬ್ಬಿಣಕ್ಕೆ ಇನ್ನೊಂದು ಪೆಟ್ಟಿಗೆ ಸೇರುತ್ತದೆ.