ಟಿಬಿಲಿಸಿಯಲ್ಲಿ ತಿಂಗಳ ಬಾಡಿಗೆಯ ಮನೆ: ಸಬುರ್ತಾಲೋ ಬಡಾವಣೆಯ ಒಂದು ಫ್ಲ್ಯಾಟ್‌ನ ವಿಮರ್ಶೆ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಸಬುರ್ತಾಲೋ ಬಡಾವಣೆಯಲ್ಲಿ, ಡೆಲಿಸಿ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಒಂದು ಮಲಗುವ ಕೋಣೆಯಿರುವ ಫ್ಲ್ಯಾಟನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಶರತ್ಕಾಲದ ಆರಂಭದಿಂದ ಚಳಿ ಬಲಿಯುವವರೆಗೆ ಅಲ್ಲಿದ್ದೆ. ಮಾಲೀಕರ ಹೆಸರನ್ನಾಗಲಿ, ಬುಕಿಂಗ್ ಮಾಡಿದ ತಾಣದ ಹೆಸರನ್ನಾಗಲಿ ಇಲ್ಲಿ ಹೇಳುತ್ತಿಲ್ಲ. ಆ ಬಡಾವಣೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ, ಅವುಗಳ ಗುಣದೋಷಗಳೂ ಬಹುಮಟ್ಟಿಗೆ ಒಂದೇ ಬಗೆಯವು. ದೀರ್ಘ ಪ್ರವಾಸದ ನಡುವೆ ಒಂದು ಊರಿನಲ್ಲಿ ನೆಲೆನಿಂತು, ಅಲ್ಲಿಂದಲೇ ಕೆಲಸವನ್ನೂ ಮಾಡಬೇಕೆನ್ನುವವರು ಮನೆ ಎಷ್ಟು ಅಂದವಾಗಿದೆ ಎಂಬುದಕ್ಕಿಂತ, ಆ ಮನೆಯನ್ನು ನಡೆಸುವ ಬಗೆಯನ್ನು ಹೇಳಿಕೊಡುವವರು ಹತ್ತಿರದಲ್ಲಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮನೆ ಇರುವ ಜಾಗಕ್ಕೆ ಪೂರ್ಣ ಅಂಕ ಕೊಡಬಹುದು. ಪ್ರವಾಸಿಗರು ಮುಗಿಬೀಳುವ ಹಳೆಯ ಪಟ್ಟಣದ ಕೆತ್ತನೆಯ ಮರದ ಬಾಲ್ಕನಿಗಳು, ಗಂಧಕದ ಸ್ನಾನಗೃಹಗಳು ಇಲ್ಲಿ ಇಲ್ಲ. ಇರುವುದು ಸೋವಿಯತ್ ಕಾಲದ ಕಾಂಕ್ರೀಟ್ ವಸತಿ ಕಟ್ಟಡಗಳು, ಅವುಗಳ ಸಂದಿಯಲ್ಲಿ ಎದ್ದಿರುವ ಹೊಸ ಗೋಪುರಗಳು, ನೆಲಮಹಡಿಯಲ್ಲಿ ಔಷಧದ ಅಂಗಡಿ, ತರಕಾರಿ ಅಂಗಡಿ. ನಾಲ್ಕು ದಿನ ನೋಡಿ ಹೋಗುವವರಿಗೆ ಇದು ನೀರಸವೆನಿಸಬಹುದಾದರೂ ದಿನನಿತ್ಯದ ಬದುಕಿಗೆ ಇದೇ ಅನುಕೂಲ. ವೈದ್ಯಕೀಯ ವಿಶ್ವವಿದ್ಯಾಲಯ ಈ ಬಡಾವಣೆಯ ವಾಝಾ ಪ್ಷಾವೆಲಾ ರಸ್ತೆಯಲ್ಲೇ ಇರುವುದರಿಂದ ಸುತ್ತಮುತ್ತ ಭಾರತೀಯ ವಿದ್ಯಾರ್ಥಿಗಳು ಬಹಳ. ತೊಗರಿಬೇಳೆಗಾಗಿ ಊರೆಲ್ಲ ಅಲೆಯಬೇಕಾಗಿಲ್ಲ. ಮೆಟ್ರೊ 1966ರಲ್ಲಿ ಶುರುವಾದದ್ದು. ನಾನಿದ್ದಾಗ ಒಂದು ಪ್ರಯಾಣಕ್ಕೆ 1 ಲಾರಿ (ಜಾರ್ಜಿಯಾದ ಹಣದ ಹೆಸರು) ತೆಗೆದುಕೊಳ್ಳುತ್ತಿದ್ದರು, ಅದೇ ದುಡ್ಡಿನಲ್ಲಿ 90 ನಿಮಿಷಗಳೊಳಗೆ ಬಸ್ಸಿಗೂ ಬದಲಾಯಿಸಿಕೊಳ್ಳಬಹುದಿತ್ತು.

ಕಟ್ಟಡದ ಲಿಫ್ಟಿನ ವಿಷಯವನ್ನು ಮಾತ್ರ ಜಾಹೀರಾತಿನಲ್ಲಿ ಎಲ್ಲೂ ಬರೆದಿರಲಿಲ್ಲ. ಟಿಬಿಲಿಸಿಯ ಹಳೆಯ ಕಟ್ಟಡಗಳ ಎಷ್ಟೋ ಲಿಫ್ಟುಗಳು ನಾಣ್ಯ ಹಾಕಿದರೆ ಮಾತ್ರ ಮೇಲೇರುತ್ತವೆ. ಒಳಗೆ ಗುಂಡಿಗಳ ಪಕ್ಕದಲ್ಲಿ ತಗಡಿನ ಪೆಟ್ಟಿಗೆಯೊಂದನ್ನು ಬಿಗಿದಿರುತ್ತಾರೆ. ನಾಣ್ಯ ಟಣ್ಣೆಂದು ಒಳಗೆ ಬಿದ್ದ ಮೇಲಷ್ಟೇ ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆ. ಲಿಫ್ಟಿನ ದುರಸ್ತಿಯ ಖರ್ಚನ್ನು ನಿವಾಸಿಗಳೇ ಹೀಗೆ ಹೊಂದಿಸಿಕೊಳ್ಳುವುದು ನ್ಯಾಯವಾದದ್ದೇ. ಆದರೆ ವಿಮಾನ ನಿಲ್ದಾಣದಿಂದ ನೇರವಾಗಿ ಬಂದವರ ಜೇಬಿನಲ್ಲಿ ನೋಟುಗಳಿರುತ್ತವೆಯೇ ಹೊರತು ಚಿಲ್ಲರೆ ಇರುವುದಿಲ್ಲ. ನಾಣ್ಯದ ಬದಲು ಲಿಫ್ಟಿಗೆ ತಾಗಿಸಲು ನಿವಾಸಿಗಳಿಗೆಂದು ಕೊಡುವ ಸ್ಪರ್ಶಕೀಲಿ ನನ್ನ ಕೈಸೇರಿದ್ದು ಮಾಲೀಕರಿಗೆ ಮೇಲಿಂದ ಮೇಲೆ ಸಂದೇಶ ಕಳಿಸಿದ ನಂತರ. ಮೊದಲ ದಿನವೇ ಬಾಗಿಲ ಕೀಲಿಯ ಜೊತೆ ಕೊಡಬಹುದಾಗಿದ್ದ ವಸ್ತುವಿಗೆ ಇಷ್ಟು ಕಾಯಿಸಿದ್ದು ನನಗೆ ಸರಿಕಾಣಲಿಲ್ಲ.

ಇನ್ನು ಚಳಿ. ಸೋವಿಯತ್ ಒಕ್ಕೂಟ ಒಡೆದ ನಂತರ, 1990ರ ದಶಕದ ಆರಂಭದಲ್ಲಿ, ಇಡೀ ನಗರಕ್ಕೆ ಒಂದೆಡೆಯಿಂದ ಬಿಸಿನೀರು ಹರಿಸಿ ಮನೆಗಳನ್ನು ಬೆಚ್ಚಗಿಡುತ್ತಿದ್ದ ವ್ಯವಸ್ಥೆ ಕುಸಿದುಬಿತ್ತು. ಅಂದಿನಿಂದ ತಮ್ಮ ಮನೆಯ ಬೆಚ್ಚನೆಗೆ ಅವರವರೇ ಹೊಣೆ. ಕೆಲವು ಮನೆಗಳಲ್ಲಿ ಒಂದೇ ಕೋಣೆಗೆ ಸಾಲುವ ಗ್ಯಾಸ್ ಹೀಟರ್ ಇರುತ್ತದೆ, ಉಳಿದ ಕೋಣೆಗಳಲ್ಲಿ ನಡುಗಬೇಕಾಗುತ್ತದೆ. ಈ ಫ್ಲ್ಯಾಟಿನಲ್ಲಿ ಅಡುಗೆಮನೆಯ ಗೋಡೆಗೆ ಗ್ಯಾಸ್ ಬಾಯ್ಲರ್ ಇದ್ದು, ನಲ್ಲಿಯ ಬಿಸಿನೀರು ಮತ್ತು ಎಲ್ಲ ಕೋಣೆಗಳ ರೇಡಿಯೇಟರ್ ಎರಡೂ ಅದರಿಂದಲೇ ನಡೆಯುತ್ತಿದ್ದವು. ಅದು ಕೆಲಸ ಮಾಡಿದ ದಿನಗಳಲ್ಲಿ ಮನೆ ಹಿತವಾಗಿತ್ತು. ಆದರೆ ಆಗಾಗ ಅದು ತಾನಾಗಿಯೇ ಆರಿ, ಪರದೆಯ ಮೇಲೆ ಯಾವುದೋ ಸಂಕೇತ ಮಿನುಗುತ್ತಿತ್ತು. ಬಾಗಿಲಿನ ಹಿಂದೆ ಅಂಟಿಸಿದ್ದ ಸೂಚನೆಗಳ ಹಾಳೆಯಲ್ಲಿ ವೈಫೈ ಪಾಸ್‌ವರ್ಡ್, ಪಾರ್ಟಿ ಮಾಡಬಾರದೆಂಬ ಎಚ್ಚರಿಕೆ, ಎರಡೇ.

ಈ ತೊಡಕನ್ನು ಬಿಡಿಸಿದವರು ಪಕ್ಕದ ಮೆಟ್ಟಿಲುದಾರಿಯಲ್ಲಿ ವಾಸಿಸುವ ಮಾಲೀಕರ ತಾಯಿ. ಆಕೆಗೆ ಇಂಗ್ಲಿಷ್ ಬಾರದು, ನನಗೆ ಜಾರ್ಜಿಯನ್ನೂ ರಷ್ಯನ್ನೂ ಬಾರದು. ಆಕೆ ಬಾಯ್ಲರಿನ ಕೆಳಗೆ ಬಗ್ಗಿ, ನೀರಿನ ಒತ್ತಡ ತೋರಿಸುವ ಚಿಕ್ಕ ಗುಂಡಗಿನ ಮಾಪಕದ ಮುಳ್ಳು ಒಂದಕ್ಕಿಂತ ಕೆಳಗಿಳಿದಿರುವುದನ್ನು ಬೆರಳಿಟ್ಟು ತೋರಿಸಿ, ಅದರ ಪಕ್ಕದ ಪುಟ್ಟ ತಿರುಪನ್ನು ತಿರುಗಿಸಿದರು. ನೀರು ಸುಯ್ಯೆಂದು ತುಂಬಿಕೊಂಡು ಮುಳ್ಳು ಒಂದೂಕಾಲರ ಹತ್ತಿರ ಬಂದೊಡನೆ ತಿರುಪನ್ನು ಮುಚ್ಚಿ, ಗುಂಡಿಯೊತ್ತಿ ಉರಿ ಹೊತ್ತಿಸಿದರು. ಗ್ಯಾಸ್ ಕೊಳವೆಯ ಹಳದಿ ಹಿಡಿ ಕೊಳವೆಗೆ ಅಡ್ಡವಾಗಿದ್ದರೆ ಬಂದ್, ನೇರವಾಗಿದ್ದರೆ ಚಾಲು ಎಂಬುದನ್ನೂ ಎರಡೆರಡು ಸಲ ಮಾಡಿ ತೋರಿಸಿದರು. ಅಲ್ಲಿಂದ ಮುಂದೆ ಬಾಯ್ಲರ್ ಕಾಡಲಿಲ್ಲ. ನಾನು ತೆತ್ತ ಬಾಡಿಗೆಯಲ್ಲಿ ನಿಜವಾಗಿ ಬೆಲೆಬಾಳುವ ಸೇವೆ ಯಾವುದೆಂದು ಕೇಳಿದರೆ ಆಕೆಯ ಆ ಕೆಲವು ನಿಮಿಷಗಳನ್ನೇ ತೋರಿಸುತ್ತೇನೆ.

ಆದರೆ ಒಂದು ಲೋಪವನ್ನು ಲಘುವಾಗಿ ಬಿಡುವಂತಿಲ್ಲ: ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಕೊಳವೆ ಕಟ್ಟಿಕೊಂಡರೆ ಮಲಗಿದವರು ಏಳದೇ ಹೋಗಬಹುದು. ಗ್ಯಾಸ್ ಉರಿಯುವ ಮನೆಯನ್ನು ಬಾಡಿಗೆಗೆ ಕೊಡುವವರು ಇದನ್ನು ತಾವಾಗಿಯೇ ಅಳವಡಿಸಬೇಕು. ಅಳವಡಿಸಿಲ್ಲವಾದರೆ ಬ್ಯಾಟರಿಯ ಅಲಾರಂ ಒಂದನ್ನು ನಾವೇ ಸೂಟ್‌ಕೇಸಿನಲ್ಲಿ ಒಯ್ಯುವುದು ಲೇಸು.

ಅಡುಗೆಮನೆ ಸಾಧಾರಣ. ವೈನ್ ಗ್ಲಾಸುಗಳು ಸಾಲಾಗಿದ್ದವು, ಹರಿತವಾದ ಚಾಕು ಒಂದೂ ಇರಲಿಲ್ಲ. ತಿಂಗಳ ಬಾಡಿಗೆಯ ಮನೆಗಳನ್ನು ಸಜ್ಜುಗೊಳಿಸುವವರು ಒಂದು ದಿನವಾದರೂ ಅಲ್ಲಿ ಅಡುಗೆ ಮಾಡಿ ನೋಡಬೇಕೆಂದು ನನಗೆ ಅನೇಕ ಸಲ ಅನಿಸಿದೆ. ರೊಟ್ಟಿಯ ಚಿಂತೆ ಮಾತ್ರ ಇರಲಿಲ್ಲ. ಬೀದಿಯ ತಿರುವಿನಲ್ಲೇ ಮಣ್ಣಿನ ಒಲೆಯ ಬೇಕರಿಯಿತ್ತು. ದೋಣಿಯ ಆಕಾರದ ಶೋತಿ ರೊಟ್ಟಿಯನ್ನು ಒಲೆಯ ಒಳಗೋಡೆಗೆ ಬಡಿದು ಬೇಯಿಸಿ, ಬಿಸಿಬಿಸಿಯಾಗಿಯೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಬಟ್ಟೆ ಒಗೆಯುವ ಯಂತ್ರ ಚೆನ್ನಾಗಿತ್ತು, ಇಂಟರ್ನೆಟ್ ಎಂದೂ ಕೈಕೊಡಲಿಲ್ಲ. ಕೆಲಸಕ್ಕೆಂದು ಕೊಟ್ಟಿದ್ದ ಮೇಜು ಲ್ಯಾಪ್‌ಟಾಪ್ ಮತ್ತು ಲೋಟವನ್ನು ಒಟ್ಟಿಗೆ ಇಡಲಾಗದಷ್ಟು ಕಿರಿದು, ಹೀಗಾಗಿ ಊಟದ ಮೇಜೇ ಕಚೇರಿಯಾಯಿತು. ಭಾರತದ ಗಡಿಯಾರ ಅಲ್ಲಿಗಿಂತ ಒಂದೂವರೆ ಗಂಟೆಯಷ್ಟೇ ಮುಂದಿರುವುದರಿಂದ, ಬೆಳಗ್ಗೆ ಸ್ವಲ್ಪ ಬೇಗ ಕುಳಿತರೆ ಸಂಜೆಯೆಲ್ಲ ತಿರುಗಾಟಕ್ಕೆ ಉಳಿಯುತ್ತದೆ. ಅಲ್ಲಿಯ ವಿದ್ಯುತ್ ಸಾಕೆಟ್ಟುಗಳು ಎರಡು ದುಂಡು ಕಡ್ಡಿಗಳವು. ನಮ್ಮ ಫೋನ್ ಚಾರ್ಜರುಗಳು ಹೊಂದುತ್ತವೆ, ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್ ಹೊಂದುವುದಿಲ್ಲ.

ಬಾಡಿಗೆಯ ಮಾತಿಗೆ ಬಂದರೆ, ಇಲ್ಲಿ ದೀರ್ಘಾವಧಿಯ ಬಾಡಿಗೆಯನ್ನು ಸಾಮಾನ್ಯವಾಗಿ ಅಮೆರಿಕನ್ ಡಾಲರ್‌ನಲ್ಲಿ ಹೇಳುತ್ತಾರೆ. ಉಕ್ರೇನ್ ಯುದ್ಧ ಆರಂಭವಾದ 2022ರಲ್ಲಿ ರಷ್ಯಾದಿಂದ ದೊಡ್ಡ ಸಂಖ್ಯೆಯಲ್ಲಿ ಜನ ಬಂದು ನೆಲೆಸಿದ್ದರಿಂದ ಬಾಡಿಗೆ ವಿಪರೀತ ಏರಿತ್ತು. ಅದಕ್ಕೂ ಹಿಂದಿನ ಅಂಕಿಗಳನ್ನು ಓದಿ ಅಗ್ಗದ ಊರೆಂದು ಲೆಕ್ಕ ಹಾಕಿಕೊಂಡು ಹೋಗಬಾರದು. ಗ್ಯಾಸ್, ವಿದ್ಯುತ್, ನೀರಿನ ಬಿಲ್ಲುಗಳು ಬಾಡಿಗೆಯಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಬೇಕು, ಏಕೆಂದರೆ ಚಳಿಗಾಲದಲ್ಲಿ ಗ್ಯಾಸಿನ ಬಿಲ್ಲು ಬೇಸಿಗೆಯದರ ಹಲವು ಪಟ್ಟು ಆಗುತ್ತದೆ. ನನ್ನ ಬಾಡಿಗೆಯಲ್ಲಿ ಅವು ಸೇರಿರಲಿಲ್ಲ. ಆದರೆ ಪಾವತಿಯೇನೂ ಕಷ್ಟವಲ್ಲ: ರಸ್ತೆಬದಿಯಲ್ಲೂ ಅಂಗಡಿಗಳಲ್ಲೂ ಇರುವ ಪಾವತಿ ಯಂತ್ರದಲ್ಲಿ ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿ, ಮನೆಯ ಗ್ರಾಹಕ ಸಂಖ್ಯೆಯನ್ನು ಒತ್ತಿದರೆ ಬಾಕಿ ಎಷ್ಟೆಂದು ತೋರಿಸುತ್ತದೆ, ನೋಟು ತೂರಿಸಿದರೆ ಮುಗಿಯಿತು. ಆ ಸಂಖ್ಯೆಗಳನ್ನು ಮಾಲೀಕರಿಂದ ಮೊದಲೇ ಬರೆಸಿಕೊಂಡಿರಬೇಕು, ಅಷ್ಟೇ.

ಹಲವು ದೇಶಗಳ ಪ್ರಜೆಗಳು ವೀಸಾ ಇಲ್ಲದೆ ವರ್ಷದವರೆಗೆ ಜಾರ್ಜಿಯಾದಲ್ಲಿ ಇರಬಹುದು. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಸಾಮಾನ್ಯವಾಗಿ ವೀಸಾ ಬೇಕು. ಹಾಗಾಗಿ ವೀಸಾದ ಅವಧಿ ಖಚಿತವಾಗುವ ಮೊದಲು ಇಡೀ ಅವಧಿಯ ಬಾಡಿಗೆಯನ್ನು ಮುಂಗಡ ಕೊಡಬೇಡಿ. ಈ ಫ್ಲ್ಯಾಟಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ವಾರದ ಮಟ್ಟಿಗೆ ಬರುವವರು ಹಳೆಯ ಪಟ್ಟಣದಲ್ಲೇ ಕೋಣೆ ಹಿಡಿಯಲಿ. ತಿಂಗಳಿಗೂ ಹೆಚ್ಚು ಇರುವವರು, ಅದರಲ್ಲೂ ನವೆಂಬರ್‌ನಿಂದ ಮಾರ್ಚ್ ನಡುವೆ ಬರುವವರು, ಹಣ ಕಳಿಸುವ ಮುನ್ನ ಮಾಲೀಕರಿಂದ ಬಾಲ್ಕನಿಯ ನೋಟದ ಬದಲು ಬಾಯ್ಲರ್ ಮತ್ತು ಬರೆಯುವ ಮೇಜಿನ ಫೋಟೊಗಳನ್ನು ಕೇಳಿ ತರಿಸಿಕೊಳ್ಳಲಿ.