13 ವರ್ಷ ದಾಟಿದ ಇಟಿಯೋಸ್ ಡೀಸೆಲ್: ಪ್ರತಿ ವರ್ಷದ ಎಫ್‌ಸಿಯಲ್ಲಿ ಇದರ ನಡವಳಿಕೆ

ನಮ್ಮದು 2012ರ ಟೊಯೊಟಾ ಇಟಿಯೋಸ್ ಡೀಸೆಲ್, ಹಳದಿ ಬೋರ್ಡ್. ಕೊಂಡ ದಿನದಿಂದಲೂ ಬೆಂಗಳೂರಿನಲ್ಲಿ ಕಂಪನಿ ಸಿಬ್ಬಂದಿಯನ್ನು ಕರೆದೊಯ್ಯುವ ಗುತ್ತಿಗೆಯ ಮೇಲೆ ಓಡುತ್ತಿದೆ. ಇದರ ಮೈಲೇಜು, ಡಿಕ್ಕಿಯ ವಿಸ್ತಾರ, ಹಿಂದಿನ ಸೀಟಿನ ಜಾಗ ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಆದರೆ ಹಳೆಯ ಟ್ಯಾಕ್ಸಿಯನ್ನು ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂದು ಲೆಕ್ಕ ಹಾಕುವವರಿಗೆ, ವಯಸ್ಸಾದ ಮೇಲೆ ಗಾಡಿ ಎಫ್‌ಸಿಯಲ್ಲಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗಾಗಿ ನಡೆಯುವ ತಪಾಸಣೆಯಲ್ಲಿ, ಹೇಗೆ ಪಾಸಾಗುತ್ತದೆ ಎಂಬುದೇ ಮುಖ್ಯ. ಹಾಗಾಗಿ ಈ ವಿಮರ್ಶೆಯನ್ನು ಅಷ್ಟಕ್ಕೇ ಸೀಮಿತಗೊಳಿಸಿದ್ದೇನೆ.

ಬಿಳಿ ಬೋರ್ಡಿನ ಕಾರುಗಳಿಗೆ ನೋಂದಣಿಯ 15 ವರ್ಷ ಮುಗಿಯುವವರೆಗೆ ಈ ತಪಾಸಣೆಯ ಗೊಡವೆಯಿಲ್ಲ. ಆಮೇಲೂ 5 ವರ್ಷಕ್ಕೊಮ್ಮೆ ನವೀಕರಿಸಿಕೊಂಡರೆ ಸಾಕು. ಬಾಡಿಗೆ ವಾಹನಗಳಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಗಾಡಿ ನಿಂತ ದಿನಗಳದ್ದು, ಏಕೆಂದರೆ ಎಫ್‌ಸಿ ಇಲ್ಲದ ಗಾಡಿಯನ್ನು ಯಾವ ಗುತ್ತಿಗೆದಾರರೂ ಡ್ಯೂಟಿಗೆ ಹಾಕುವುದಿಲ್ಲ.

ಮೊದಲು ಎಂಜಿನ್ನಿನ ವಿಚಾರ. ಹಳೆಯ ಡೀಸೆಲ್ ಎಂದೊಡನೆ ಎಲ್ಲರೂ ಹೊಗೆಗೆ ಹೆದರುತ್ತಾರೆ. ಇದು ಬಿಎಸ್-4 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ ನಾಲ್ಕನೇ ಹಂತ) ಗಾಡಿಯಾದ್ದರಿಂದ ಹೊಗೆಯ ಸಾಂದ್ರತೆ ಪ್ರತಿ ಮೀಟರಿಗೆ 1.62 ಎಂಬ ಮಿತಿಯೊಳಗೆ ಇರಬೇಕು. ಅದಕ್ಕೂ ಹಿಂದಿನ ಡೀಸೆಲ್ ಗಾಡಿಗಳಿಗಿದ್ದ 2.45ರ ಸಡಿಲಿಕೆ ಇದಕ್ಕಿಲ್ಲ. ಹಾಗಿದ್ದರೂ 1,364 ಸಿಸಿಯ ಈ ಎಂಜಿನ್ ಒಂದು ಸಲವೂ ಮಿತಿಯ ಹತ್ತಿರ ಸುಳಿದಿಲ್ಲ. ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಹೊಸದಿರಬೇಕು, ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಅಷ್ಟೆ. ಆಯಿಲ್ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಹೊಗೆ ಅಳೆಯಬೇಕೆಂಬುದು ಕ್ರಮ. ಮನೆಯ ಪಕ್ಕದ ಎಮಿಷನ್ ಕೇಂದ್ರಕ್ಕೆ ತಣ್ಣಗಿನ ಗಾಡಿಯನ್ನು ಒಯ್ದು, ಬಂದ ಅಂಕಿ ನೋಡಿ ಇಂಜೆಕ್ಟರ್ ಬಿಚ್ಚಿಸಲು ಹೊರಡುವವರನ್ನು ನೋಡಿದ್ದೇನೆ. ಪರೀಕ್ಷೆಯಲ್ಲಿ ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಎಂಜಿನ್ನನ್ನು ಗರಿಷ್ಠ ವೇಗಕ್ಕೆ ಏರಿಸುವಾಗ ಹಳೆಯ ಗಾಡಿಗಳ ಮಾಲೀಕರಿಗೆ ಟೈಮಿಂಗ್ ಬೆಲ್ಟ್ ತುಂಡಾಗುವ ಭಯ ಇರುತ್ತದೆ. ಇದರಲ್ಲಿ ಇರುವುದು ಚೈನ್ ಆದ್ದರಿಂದ ಆ ಚಿಂತೆಯೂ ಇಲ್ಲ.

ನಿಜವಾದ ತಕರಾರು ಹಿಂದಿನ ಚಕ್ರಗಳಲ್ಲಿದೆ. ಈ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಒತ್ತಿದಾಗ ಹೆಚ್ಚಿನ ಭಾರವನ್ನು ಮುಂದಿನ ಡಿಸ್ಕುಗಳೇ ಹೊರುವುದರಿಂದ ಹಿಂದಿನ ಒಂದು ಡ್ರಮ್ ಅರ್ಧಂಬರ್ಧ ಕೆಲಸ ಮಾಡಿದರೂ ಓಡಿಸುವವರಿಗೆ ಗೊತ್ತಾಗುವುದಿಲ್ಲ. ಬರಿಗಣ್ಣಿನ ತಪಾಸಣೆ ನಡೆಯುತ್ತಿದ್ದಾಗ ಇನ್‌ಸ್ಪೆಕ್ಟರ್ ಸ್ವಲ್ಪ ದೂರ ಓಡಿಸಿ, ಬ್ರೇಕ್ ಹಾಕಿಸಿ, ಗಾಡಿ ನೇರವಾಗಿ ನಿಂತರೆ ಸರಿ ಎನ್ನುತ್ತಿದ್ದರು. ಯಂತ್ರಗಳಿಂದಲೇ ತಪಾಸಣೆ ನಡೆಸುವ ಸ್ವಯಂಚಾಲಿತ ಕೇಂದ್ರದಲ್ಲಿ, ಚಕ್ರಗಳನ್ನು ತಿರುಗಿಸುವ ರೋಲರ್ ಮೇಲೆ ಹಾಗಾಗುವುದಿಲ್ಲ. ಅಲ್ಲಿ ಪ್ರತಿ ಚಕ್ರದ ಹಿಡಿತವನ್ನೂ ಬೇರೆಬೇರೆಯಾಗಿ ಅಳೆದು, ಎಡಬಲಗಳ ಅಂತರವನ್ನು ಪರದೆಯ ಮೇಲೆ ತೋರಿಸುತ್ತಾರೆ. ನಮ್ಮ ಗಾಡಿ ಒಮ್ಮೆ ವಾಪಸು ಬಂದದ್ದು ಹೀಗೆ. ರಸ್ತೆಯಲ್ಲಿ ಒಂದು ಬದಿಗೆ ಎಳ್ಳಷ್ಟೂ ಎಳೆಯದ ಕಾರು, ರೋಲರ್ ಮೇಲೆ ಹಿಂದಿನ ಎಡ ಚಕ್ರದಲ್ಲಿ ಬಲ ಚಕ್ರದ ಅರ್ಧದಷ್ಟು ಹಿಡಿತವನ್ನೂ ತೋರಿಸಲಿಲ್ಲ. ಡ್ರಮ್ ಬಿಚ್ಚಿಸಿದಾಗ ವೀಲ್ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿ, ಬ್ರೇಕ್ ಆಯಿಲ್ ಸಣ್ಣಗೆ ಜಿನುಗಿ, ಲೈನರಿನ ಅಂಚು ಕಪ್ಪಾಗಿ ಮಿರುಗುತ್ತಿತ್ತು. ತಳದಲ್ಲಿ ಒಂದು ಹಿಡಿ ಕೆಂಪು ದೂಳು. ಆ ವಯಸ್ಸಿಗೆ ಇದು ಸಹಜವಾದ ಸವೆತವೇ ಹೊರತು ಗಾಡಿಯ ದೋಷವಲ್ಲ. ಎರಡೂ ಬದಿಯ ಸಿಲಿಂಡರ್ ಮತ್ತು ಲೈನರ್‌ಗಳನ್ನು ಒಟ್ಟಿಗೇ ಬದಲಾಯಿಸಿ, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿಸಿದ ಮೇಲೆ ಮರುಪರೀಕ್ಷೆಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಒಂದೇ ಬದಿಗೆ ಹೊಸ ಲೈನರ್ ಹಾಕಿ ಕಾಸು ಉಳಿಸಿದರೆ ಅಂತರ ಇನ್ನೂ ಹೆಚ್ಚುತ್ತದೆ. ಈಗ ಎಫ್‌ಸಿಗೆ ಒಂದು ತಿಂಗಳು ಮೊದಲೇ ಡ್ರಮ್ ಬಿಚ್ಚಿಸಿ ನೋಡುವ ಪದ್ಧತಿ ಇಟ್ಟುಕೊಂಡಿದ್ದೇವೆ.

ಎರಡನೆಯ ತಲೆನೋವು ಹೆಡ್‌ಲೈಟ್. ಬಿಸಿಲಿನಲ್ಲಿ ನಿಂತೂ ನಿಂತೂ ಪ್ಲಾಸ್ಟಿಕ್ ಗಾಜು ಹಳದಿಗಟ್ಟಿ ಬೆಳಕು ಕುಂದುತ್ತದೆ. ಪಾಲಿಶ್ ಮಾಡಿಸಿದರೆ ಒಂದು ಎಫ್‌ಸಿಗೆ ಸಾಕಾಗುವಷ್ಟು ಹೊಳಪು ಬರುತ್ತದೆ, ಆದರೆ ಮೇಲಿನ ರಕ್ಷಣಾ ಪದರವೂ ಅದರೊಂದಿಗೆ ಹೋಗುವುದರಿಂದ ಮುಂದಿನ ವರ್ಷಕ್ಕೆ ಮೊದಲಿಗಿಂತ ಬೇಗ ಮಸುಕಾಗುತ್ತದೆ. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹೊಸ ಜೋಡಿ ತಂದು ಹಾಕಿಸುವುದೇ ಲೇಸು. ಕುಂದಿದ ಬೆಳಕಿಗೆ ಪರಿಹಾರವೆಂದು ಹ್ಯಾಲೊಜೆನ್ ಜಾಗದಲ್ಲಿ ಎಲ್‌ಇಡಿ ಬಲ್ಬ್ ತುರುಕುವ ಚಾಳಿ ನಮ್ಮ ಚಾಲಕರಲ್ಲಿ ಬಹಳವಿದೆ. ಅದು ಎದುರಿನವರ ಕಣ್ಣು ಕುಕ್ಕುತ್ತದೆ. ಬೆಳಕಿನ ಕೋನ ಅಳೆಯುವ ಯಂತ್ರದ ಮುಂದೆ ನಿಲ್ಲುವುದೂ ಇಲ್ಲ.

ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಎಂಬ ಸಸ್ಪೆನ್ಷನ್ ಭಾಗಗಳ ಸವೆತ ಬೆಂಗಳೂರಿನ ಗುಂಡಿಗಳಿಗೆ ಕಟ್ಟುವ ಕಂದಾಯ. ಇಟಿಯೋಸಿನಲ್ಲೂ ತಪ್ಪಿದ್ದಲ್ಲ, ಆದರೆ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ತಯಾರಿಕೆ 2020ರಲ್ಲೇ ನಿಂತರೂ ರಸ್ತೆಯಲ್ಲಿ ಇನ್ನೂ ಸಾಕಷ್ಟು ಗಾಡಿಗಳಿರುವುದರಿಂದ ಅಂಗಡಿಯವರು ಸರಕು ಇಡುತ್ತಾರೆ. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವಿಮೆ, ತೆರಿಗೆ ಇವೆಲ್ಲ ಗೊತ್ತಿದ್ದದ್ದೇ. ಚಾಸಿ ನಂಬರಿನ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಹಳೆಯ ಗಾಡಿಯಲ್ಲಿ ಅದರ ಮೇಲೆ ತುಕ್ಕು, ಜಿಡ್ಡು ಕೂತಿರುತ್ತದೆ. ಗ್ಯಾರೇಜಿನ ಹುಡುಗರು ಅದನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಲು ಬಿಡಬೇಡಿ. ಡೀಸೆಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದರೆ ಅಂಕಿಗಳು ಸವೆಯದೆ, ಪೆನ್ಸಿಲ್ ಉಜ್ಜಿ ತೆಗೆಯುವ ಪ್ರಿಂಟಿನಲ್ಲಿ ಸ್ಪಷ್ಟವಾಗಿ ಮೂಡುತ್ತವೆ.

ಒಟ್ಟಿನಲ್ಲಿ ಎಂಜಿನ್ನಿಗೆ ಪೂರ್ಣ ಅಂಕ, ಹಿಂದಿನ ಬ್ರೇಕಿಗೆ ಅರ್ಧ ಅಂಕ ಕೊಡುತ್ತೇನೆ. 15 ವರ್ಷ ತುಂಬಿದ ಬಾಡಿಗೆ ವಾಹನಗಳ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲಿನಿಂದ ಹಲವು ಪಟ್ಟು ಏರಿಸಿರುವುದರಿಂದ, 2027ರ ನಂತರವೂ ಇದನ್ನು ಹಳದಿ ಬೋರ್ಡಿನಲ್ಲಿ ಓಡಿಸುವುದು ಲಾಭದ ಮಾತಲ್ಲ. ಅಲ್ಲಿಯವರೆಗೆ ಕೊಡುವ ಯೋಚನೆ ನಮಗಿಲ್ಲ. ಈಗ ಹಳೆಯ ಇಟಿಯೋಸ್ ಕೊಳ್ಳಹೊರಟವರು ಮಾರುವವರ ಬಳಿ ಹೊಗೆ ಪ್ರಮಾಣಪತ್ರದ ಜೊತೆಗೆ, ಹಿಂದಿನ ಎಫ್‌ಸಿಯ ಬ್ರೇಕ್ ಪರೀಕ್ಷೆಯ ವರದಿಯನ್ನೂ ಕೇಳಿ ಪಡೆಯುವುದು ಒಳ್ಳೆಯದು.